ಗೆಳೆಯನಿಗೊಂದು ಪತ್ರ: ಅಮ್ಮ ಕೇಳಿದ ‘ಸಿಲ್ಲಿ ಲಲ್ಲಿ’

ಪ್ರೀತಿಯ ಗೆಳೆಯ,

ಅಮ್ಮನ ಮಂಡಿ ಆಪರೇಷನ್ ಆಗಿ ಹದಿನೆಂಟು ದಿನವಾಯಿತು ಕಣೋ. ಹೊಲಿಗೆ ಬಿಚ್ಚಿದ್ದಾರೆ, ವಾಕರ್ ಹಿಡಿದು ಹಜಾರದವರೆಗೆ ಬರುತ್ತಾಳೆ. ಫೋನಿನಲ್ಲಿ ನಿನ್ನ ಧ್ವನಿ ಕೇಳಿ ತುಂಬ ಖುಷಿಪಟ್ಟಳು. ಮಸ್ಕತ್ತಿನಿಂದ ನೀನು ಬರುವಷ್ಟರಲ್ಲಿ ಎದ್ದು ನಿನಗೆ ಹೋಳಿಗೆ ಮಾಡಿ ಹಾಕುತ್ತಾಳಂತೆ.

ಈ ಪತ್ರ ಬರೆಯುತ್ತಿರುವುದು ಬೇರೊಂದು ಸಂಕಟಕ್ಕೆ. ಮೊನ್ನೆ ರಾತ್ರಿ ಧಾರಾವಾಹಿಯೊಂದರಲ್ಲಿ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುತ್ತಿದ್ದಳು. ಮೂರು ದಿನದಿಂದ ಅದೇ ಲೋಟ, ಅದೇ ಕೈ, ಅದೇ ಗುಡುಗಿನ ಸದ್ದು. ಅಮ್ಮ ರಿಮೋಟ್ ನನ್ನ ಕೈಗೆ ಕೊಟ್ಟು, “ಸಾಕಪ್ಪ ಇದು. ಆ ಡಾಕ್ಟ್ರು ವಿಠಲರಾಯರದ್ದು ಬರ್ತಿತ್ತಲ್ಲ, ಅದನ್ನ ಹಾಕು. ಮನಸಾರೆ ನಕ್ಕು ಎಷ್ಟು ದಿನ ಆಯ್ತು” ಅಂದಳು.

ಅವಳು ಕೇಳಿದ್ದು ನಮ್ಮ ಹಳೆಯ ಹಾಸ್ಯ ಧಾರಾವಾಹಿ ‘ಸಿಲ್ಲಿ ಲಲ್ಲಿ’ಯನ್ನು. ಎರಡು ರಾತ್ರಿ ಕೂತು ಹುಡುಕಿದೆ. ಸಿಕ್ಕಿದ್ದು ಚೂರುಪಾರು. ಒಂದು ಕಡೆ ಮೂರು ನಿಮಿಷ, ಇನ್ನೊಂದು ಕಡೆ ಏಳು ನಿಮಿಷ. ಯಾರೋ ಪರದೆಯ ಮೇಲೆ ತಮ್ಮ ಹೆಸರು ಬರೆದುಕೊಂಡಿದ್ದಾರೆ, ಪಾತ್ರಗಳ ತಲೆ ಅರ್ಧ ಕತ್ತರಿಸಿ ಹೋಗಿದೆ, ಮಾತು ಮುಗಿಯುವ ಮೊದಲೇ ತುಣುಕು ಮುಗಿಯುತ್ತದೆ. ಒಂದನೇ ಸಂಚಿಕೆಯಿಂದ ಕ್ರಮವಾಗಿ ನೋಡುತ್ತಾ ಹೋಗುವಂಥದ್ದು ನನಗೆ ಎಲ್ಲೂ ಸಿಗಲಿಲ್ಲ. ಒಂದು ವಾಹಿನಿಯ ಕಚೇರಿಗೆ ಫೋನ್ ಮಾಡಿದರೆ, “ಹಳೇದು ನಮ್ಮ ಶೆಡ್ಯೂಲ್‌ನಲ್ಲಿ ಇಲ್ಲ ಸರ್” ಎಂದು ಒಬ್ಬ ಹುಡುಗಿ ಸೌಜನ್ಯದಿಂದಲೇ ಹೇಳಿದಳು. ಎರಡು ಸಲ ಮೇಲ್ ಬರೆದೆ. ಉತ್ತರ ಬರಲಿಲ್ಲ.

ಹನುಮಂತನಗರದ ನಮ್ಮ ರೂಮು ನಿನಗೆ ಮರೆತಿರಲಾರದು. ಟಿವಿ ಇದ್ದದ್ದು ಕೆಳಗೆ ಓನರ್ ಮನೆಯಲ್ಲಿ. ಈಟಿವಿ ಕನ್ನಡದಲ್ಲಿ ಶೀರ್ಷಿಕೆ ಗೀತೆ ಶುರುವಾಗುತ್ತಿದ್ದಂತೆ ಓನರ್ ಆಂಟಿ ಮೆಟ್ಟಿಲ ಬುಡದಿಂದ ಕೂಗುತ್ತಿದ್ದರು. ನಾವು ಒಲೆ ಆರಿಸಿ, ಅನ್ನದ ಪಾತ್ರೆ ಅಲ್ಲೇ ಬಿಟ್ಟು ಓಡುತ್ತಿದ್ದೆವು. ರವಿಶಂಕರ್ ಗೌಡರ ವಿಠಲರಾಯ, ಮಂಜುಭಾಷಿಣಿಯವರ ಸಮಾಜ ಸೇವಕಿ ಲಲಿತಾಂಬ. ಬಾಡಿಗೆ ಕೇಳಲು ಕರೆದರೇನೋ ಎಂಬ ಅಂಜಿಕೆಯಿಲ್ಲದೆ ನಾವು ಆ ಮನೆಯ ನೆಲದ ಮೇಲೆ ಕೂತದ್ದು ಆ ಅರ್ಧ ಗಂಟೆ ಮಾತ್ರ. ಅಂಕಲ್ ನಕ್ಕದ್ದನ್ನು ನಾವು ಕಂಡದ್ದೂ ಆಗಲೇ.

ಆಗ ಅದನ್ನು ನಿರ್ದೇಶಿಸಿದವರು ಆಮೇಲೆ ಸಿನಿಮಾಕ್ಕೆ ಹೋದ ವಿಜಯಪ್ರಸಾದ್. ಅದರಲ್ಲಿ ಜನ ಮಾತಾಡುತ್ತಿದ್ದ ಕನ್ನಡ ನೆನಪಿಸಿಕೋ. ಒಬ್ಬರ ಮಾತಿನ ಬಾಲ ಹಿಡಿದು ಇನ್ನೊಬ್ಬರು ತಿರುಗಿಸಿ ಹೊಡೆಯುವುದು, ಕೋಪದಲ್ಲೂ ನಗು ಬರಿಸುವ ಆ ಎಳೆತ. ಸಿಹಿಕಹಿ ಚಂದ್ರು ಅವರ ‘ಪಾ.ಪ. ಪಾಂಡು’ವಿನಲ್ಲೂ ಅಷ್ಟೆ. ಚಿದಾನಂದ್ ಮತ್ತು ಶಾಲಿನಿ ಗಂಡ ಹೆಂಡತಿಯಾಗಿ ಜಗಳವಾಡಿದರೆ, ನಮ್ಮ ಗೋಡೆಯಾಚೆಯ ಮನೆಯಿಂದಲೇ ಮಾತು ಕೇಳಿಸಿದ ಹಾಗಿರುತ್ತಿತ್ತು. ಇವತ್ತಿನ ಧಾರಾವಾಹಿಗಳಲ್ಲಿ ಅಂಥ ಮಾತು ನನ್ನ ಕಿವಿಗೆ ಬೀಳುತ್ತಿಲ್ಲ. ನನಗೆ ಸಂಕಟವಾಗುವುದು ಅಲ್ಲಿ.

ಜನ ಮರೆತಿದ್ದಾರೆ ಎಂದು ವಾಹಿನಿಗಳು ಹೇಳುವ ಹಾಗಿಲ್ಲ. ‘ಪಾಪ ಪಾಂಡು’ 2018ರಲ್ಲಿ ಹೊಸದಾಗಿ ಬಂತು, ಮರುವರ್ಷ ‘ಸಿಲ್ಲಿ ಲಲ್ಲಿ’ಯೂ ಬಂತು. ಆ ಹೆಸರುಗಳ ಮೇಲೆ ಜನರಿಗೆ ಪ್ರೀತಿ ಉಳಿದಿದೆ ಎಂದು ಗೊತ್ತಿದ್ದರಿಂದಲೇ ತಾನೇ? ಹಾಗಿದ್ದರೆ ಆ ಪ್ರೀತಿ ಹುಟ್ಟಿಸಿದ ಮೂಲವನ್ನು ಯಾಕೆ ನೋಡಗೊಡುತ್ತಿಲ್ಲ?

ನಮ್ಮ ಆಫೀಸಿನಲ್ಲಿ ಮೊದಲು ಟಿವಿಯಲ್ಲಿ ಎಡಿಟರ್ ಆಗಿದ್ದವರೊಬ್ಬರಿದ್ದಾರೆ. ಅವರ ಹತ್ತಿರ ಹೊಟ್ಟೆಯುರಿ ಹೇಳಿಕೊಂಡೆ. ಅವರು ಹೇಳಿದ್ದಿಷ್ಟು: ಹಳೆಯ ಚಿತ್ರಗಳ ಚೌಕಟ್ಟು ಅಗಲ ನಾಲ್ಕಕ್ಕೆ ಎತ್ತರ ಮೂರು, ಈಗಿನ ಟಿವಿ ಹದಿನಾರಕ್ಕೆ ಒಂಬತ್ತು. ಎಳೆದರೆ ಮುಖ ಅಗಲವಾಗುತ್ತದೆ, ಹಾಗೇ ಬಿಟ್ಟರೆ ಎರಡೂ ಪಕ್ಕ ಕಪ್ಪು ಪಟ್ಟಿ. ಅದು ಸಣ್ಣ ಮಾತು, ನಮ್ಮ ಅಮ್ಮಂದಿರು ಕಪ್ಪು ಪಟ್ಟಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ದೊಡ್ಡ ತೊಡಕು ಹಕ್ಕಿನದು. ದೂರದರ್ಶನದ ಕಾಲದ ಪ್ರಾಯೋಜಿತ ಧಾರಾವಾಹಿಗಳಲ್ಲಿ ನಿರ್ಮಾಪಕರೇ ಪ್ರಸಾರ ಶುಲ್ಕ ಕಟ್ಟಿ, ಜಾಹೀರಾತಿನ ಹೊತ್ತನ್ನು ಮಾರಿಕೊಂಡು ಖರ್ಚು ಹುಟ್ಟಿಸಿಕೊಳ್ಳುತ್ತಿದ್ದರು. ಹಕ್ಕೂ ಅವರದೇ, ಟೇಪೂ ಅವರದೇ. ಆ ನಿರ್ಮಾಪಕರು ತೀರಿಕೊಂಡಿದ್ದರೆ ಟೇಪು ಯಾರ ಮನೆಯ ಅಟ್ಟದಲ್ಲಿದೆಯೋ! ಖಾಸಗಿ ವಾಹಿನಿಗಳ ಕೈಯೂ ಬದಲಾಗಿದೆ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. ಅದನ್ನು ನಡೆಸುತ್ತಿದ್ದ ಸಂಸ್ಥೆ 2024ರಲ್ಲಿ ಇನ್ನೊಂದು ದೊಡ್ಡ ಸಂಸ್ಥೆಯ ಜೊತೆ ಸೇರಿಹೋಯಿತು. ಹಳೆಯ ಕರಾರುಗಳಲ್ಲಿ ಮೊಬೈಲಿನಲ್ಲಿ ತೋರಿಸುವ ಮಾತೇ ಇರುತ್ತಿರಲಿಲ್ಲವಂತೆ.

ಅವರು ಹೇಳಿದ ಇನ್ನೊಂದು ವಿಷಯ ಕೇಳಿ ಅವತ್ತು ನನಗೆ ನಿದ್ದೆ ಬರಲಿಲ್ಲ. ಯು-ಮ್ಯಾಟಿಕ್ ಎಂಬ ಹಳೆಯ ಕಾಲದ ವಿಡಿಯೋ ಟೇಪು ಶೀತ ಹಿಡಿದರೆ ಬೂಷ್ಟು ಬರುತ್ತದೆ, ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದನ್ನು ಓಡಿಸುವ ಯಂತ್ರವನ್ನು ಈಗ ಯಾರೂ ತಯಾರಿಸುವುದಿಲ್ಲ. ಪ್ರತಿ ಮಳೆಗಾಲಕ್ಕೂ ಒಂದಷ್ಟು ನಗು ನಮ್ಮ ಕೈತಪ್ಪಿ ಹೋಗುತ್ತಿದೆ ಗೆಳೆಯ. ವಾಹಿನಿಯವರು ಇವತ್ತು ಮನಸ್ಸು ಮಾಡದಿದ್ದರೆ, ಇನ್ನು ಹತ್ತು ವರ್ಷಕ್ಕೆ ಮನಸ್ಸು ಮಾಡಿದರೂ ತೋರಿಸಲು ಏನೂ ಇರಲಿಕ್ಕಿಲ್ಲ.

ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ನೋಡು. ಮೊದಲು ಬಂದದ್ದು 1986–87ರಲ್ಲಿ. ಮತ್ತೆ ಮತ್ತೆ ತೋರಿಸಿದ್ದಕ್ಕೇ ನನ್ನ ಮಗಳಿಗೂ ಅದರ ಪುಟ್ಟ ಹುಡುಗ ಸ್ವಾಮಿ ಗೊತ್ತು. ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ಇವತ್ತು ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ಅದೇ ದೂರದರ್ಶನದ ‘ಸಿಹಿಕಹಿ’? ಚಂದ್ರು ಮತ್ತು ಗೀತಾ ಇಬ್ಬರ ಹೆಸರಿಗೂ ಅದು ಅಂಟಿಕೊಂಡಿದೆ. ಮಗಳು ಕೇಳಿದಳು, “ಅಪ್ಪಾ, ಅವರಿಗೆ ಸಿಹಿಕಹಿ ಅಂತ ಯಾಕೆ ಕರೀತಾರೆ?” ಅದೊಂದು ಧಾರಾವಾಹಿ ಅಂದೆ. “ತೋರಿಸು” ಅಂದಳು. ಏನು ತೋರಿಸಲಿ? ರಮೇಶ್ ಭಟ್ಟರ ‘ಕ್ರೇಜಿ ಕರ್ನಲ್’ ನೋಡಲು ನಾನು ಪಕ್ಕದ ಮನೆಯ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದೆ. ಅದನ್ನೂ ಬಾಯಲ್ಲಿ ಹೇಳಬೇಕು, ತೋರಿಸಲಾರೆ.

2020ರ ಲಾಕ್‌ಡೌನಿನಲ್ಲಿ ಹೊಸ ಚಿತ್ರೀಕರಣ ನಿಂತಾಗ ದೂರದರ್ಶನ ‘ರಾಮಾಯಣ’ವನ್ನೂ ‘ಶ್ರೀಮಾನ್ ಶ್ರೀಮತಿ’ಯಂಥ ಹಿಂದಿ ಹಾಸ್ಯ ಧಾರಾವಾಹಿಗಳನ್ನೂ ಮತ್ತೆ ಹಾಕಿತ್ತಲ್ಲ, ಮನೆಮಂದಿಯೆಲ್ಲ ಕೂತು ನೋಡಿದೆವು. ಅಂದರೆ ಕಪಾಟಿನಿಂದ ತೆಗೆಯುವುದು ಆಗದ ಕೆಲಸವಲ್ಲ. ನಾನು ಕೇಳುವುದು ರಾತ್ರಿಯ ದುಬಾರಿ ಹೊತ್ತನ್ನಲ್ಲ. ಹಿಂದಿನ ರಾತ್ರಿಯ ಸಂಚಿಕೆಯನ್ನೇ ಮತ್ತೆ ಹಾಕುವ ಮಧ್ಯಾಹ್ನದ ಹೊತ್ತಿದೆಯಲ್ಲ, ಅದರಲ್ಲಿ ಒಂದು ಗಂಟೆ ಸಾಕು. ಆ ಹೊತ್ತಿಗೆ ಟಿವಿ ಮುಂದೆ ಇರುವವರು ಅಮ್ಮನಂಥವರೇ. ನಾಳೆ ಮೂರನೇ ಮೇಲ್ ಬರೆಯುತ್ತೇನೆ. ನೀನೂ ಒಂದು ಬರೆ, ಅಲ್ಲಿಯ ನಿನ್ನ ಕನ್ನಡದ ಗೆಳೆಯರಿಂದಲೂ ಬರೆಸು.

ಇನ್ನೊಂದು ಮಾತು. ಆಗ ನೀನು ಕಂಪ್ಯೂಟರಿನಲ್ಲೇ ಟಿವಿ ನೋಡಲು, ರೆಕಾರ್ಡ್ ಮಾಡಲು ಆಗುವ ಟಿವಿ ಟ್ಯೂನರ್ ಕಾರ್ಡ್ ಹಾಕಿಸಿಕೊಂಡು ಕೆಲವು ಸಂಚಿಕೆಗಳನ್ನು ಸಿಡಿಗೆ ಬರೆದಿಟ್ಟಿದ್ದೆ, ನೆನಪಿದೆಯಾ? ಜಿಪ್ ಇರುವ ಕಪ್ಪು ಚೀಲ, ಪ್ರತಿ ಸಿಡಿಯ ಮೇಲೂ ಹಸಿರು ಮಾರ್ಕರಿನಲ್ಲಿ ತಾರೀಕು. ಅದು ಊರಿನ ನಿಮ್ಮ ಮನೆಯಲ್ಲಿ, ನಿನ್ನ ಓದುವ ಕೋಣೆಯ ಗೋಡೆಗಪಾಟಿನಲ್ಲೇ ಇದ್ದರೆ ನಿನ್ನ ತಮ್ಮನಿಗೆ ಫೋನ್ ಮಾಡಿ ಹೇಳು. ಭಾನುವಾರದ ಬೆಳಗಿನ ಬಸ್ಸಿಗೆ ನಾನೇ ಹೋಗಿ ತರುತ್ತೇನೆ. ಸಿಡಿ ಓಡುವ ಹಳೆಯ ಲ್ಯಾಪ್‌ಟಾಪ್ ಒಂದನ್ನು ಈಗಾಗಲೇ ರಿಪೇರಿ ಮಾಡಿಸಿಟ್ಟಿದ್ದೇನೆ.

ನಿನ್ನ
ಹನುಮಂತನಗರದ ರೂಮ್‌ಮೇಟ್