ರಿಸೀಟ್ ಪದದಲ್ಲಿರುವ ‘ಪಿ’ ಅಕ್ಷರದ ಕುರಿತು

ಸದಸ್ಯರೆಲ್ಲರಿಗೂ ನಮಸ್ಕಾರ. ವಂತಿಗೆಯ ಲೆಕ್ಕ ಹಂಚಿಕೊಳ್ಳುವಾಗ ಹಲವರು ಈ ಇಂಗ್ಲಿಷ್ ಪದದ ‘ಪಿ’ ಅಕ್ಷರವನ್ನು ಬಿಟ್ಟು ಬರೆಯುತ್ತಿದ್ದಾರೆ, ಕೆಲವರು ಅದನ್ನು ‘ರಿಸಿಪ್ಟ್’ ಎಂದು ಓದುತ್ತಿದ್ದಾರೆ. ಸರಿಯಾದ ಕಾಗುಣಿತ ಆರ್, ಇ, ಸಿ, ಇ, ಐ, ಪಿ, ಟಿ. ಉಚ್ಚಾರಣೆ ಮಾತ್ರ ‘ರಿಸೀಟ್’. ‘ಸ್ವೀಕರಿಸಿದ್ದು’ ಎಂಬರ್ಥದ ಲ್ಯಾಟಿನ್ ಪದ ‘ರೆಸೆಪ್ಟಾ’ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬರುವಷ್ಟರಲ್ಲಿ ಪಕಾರವನ್ನು ಕಳೆದುಕೊಂಡಿತ್ತು; ಮೂಲವನ್ನು ನೆನಪಿಸಲೆಂದು ವಿದ್ಯಾವಂತರು ಅದನ್ನು ಬರವಣಿಗೆಗೆ ಮರಳಿ ಸೇರಿಸಿದರಾದರೂ ಜನರ ನಾಲಿಗೆ ಬದಲಾಗಲಿಲ್ಲ. ಇದೇ ಬಳಗದ ‘ಡಿಸೀಟ್’, ‘ಕನ್ಸೀಟ್’ ಪದಗಳಲ್ಲಿ ಆ ಅಕ್ಷರ ನಿಲ್ಲಲಿಲ್ಲ. ನಮ್ಮ ‘ರಸೀದಿ’ಯನ್ನು ಇದರ ತದ್ಭವವೆಂದು ಭಾವಿಸುವುದು ತಪ್ಪು, ಅದು ‘ತಲುಪಿತು’ ಎಂಬರ್ಥದ ಪಾರಸಿ ‘ರಸೀದ್’ನಿಂದ ಬಂದದ್ದು. ಆದ್ದರಿಂದ ಕನ್ನಡದಲ್ಲಿ ಬರೆಯುವಾಗ ದಯವಿಟ್ಟು ‘ರಸೀದಿ’ ಎಂದೇ ಬರೆಯಬೇಕೆಂದು ಕೋರುತ್ತೇನೆ.