ಗೊಬ್ಬರಕ್ಕೆ ಹಾಕಿ ಅಂತ ಬರೆದಿರುವ ಬಟ್ಟಲಿನಲ್ಲಿ ಏನಿದೆ, ತಿಳಿಸಿ

ಗ್ರಾಹಕ ಸೇವಾ ವಿಭಾಗಕ್ಕೆ,

ವಿಷಯ: ಕಬ್ಬಿನ ಸಿಪ್ಪೆಯ ಬಟ್ಟಲಿನಲ್ಲಿ ಪಿಎಫ್‌ಎಎಸ್ ಎಂಬ ರಾಸಾಯನಿಕ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡದಿರುವ ಬಗ್ಗೆ ದೂರು

ಮಾನ್ಯರೇ,

ನಮ್ಮ ತಂದೆಯವರ ಎಪ್ಪತ್ತರ ಶಾಂತಿಗೆ ನಿಮ್ಮಿಂದ 200 ಬಟ್ಟಲು ತರಿಸಿದ್ದೆ. ಅಡಿಕೆ ಹಾಳೆಯ ದೊನ್ನೆಯೇ ಸಾಕು ಅಂತ ಅಮ್ಮ ಹೇಳಿದ್ದರು. ನಿಮ್ಮ ಪೊಟ್ಟಣದ ಮೇಲೆ ‘ನೂರಕ್ಕೆ ನೂರು ನೈಸರ್ಗಿಕ, ಬಳಸಿದ ಮೇಲೆ ಗೊಬ್ಬರಕ್ಕೆ ಹಾಕಿ’ ಅಂತಿತ್ತು. ಅದನ್ನು ನಂಬಿ ನಾನೇ ಹಟ ಮಾಡಿ ಕೊಂಡೆ.

ಅವತ್ತು ರಾತ್ರಿ ಒಂದು ಬಟ್ಟಲಲ್ಲಿ ಬಿಸಿಬೇಳೆಬಾತ್ ಉಳಿದಿತ್ತು. ಬೆಳಿಗ್ಗೆ ನೋಡಿದರೆ ತುಪ್ಪ ಅಂಚಿನಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಬಟ್ಟಲಿನ ತಳದಲ್ಲಿ ಒಂದು ಕಲೆಯೂ ಇಲ್ಲ. ಆಗ ಒಳ್ಳೆಯ ಮಾಲು ಅಂತ ಖುಷಿಪಟ್ಟೆ. ಎರಡು ತಿಂಗಳ ಹಿಂದೆ ಪಿಎಫ್‌ಎಎಸ್ ಬಗ್ಗೆ ಓದಿದಾಗ ಆ ಬಟ್ಟಲು ನೆನಪಾಯಿತು. ಎಣ್ಣೆ, ನೀರು ಎರಡೂ ಅಂಟದ ಹಾಗೆ ಮಾಡುವ ರಾಸಾಯನಿಕಗಳ ಗುಂಪು ಅದು. ಉಳಿದಿದ್ದ ಒಂದು ಬಟ್ಟಲಿಗೆ ಕಡಲೆಕಾಯಿ ಎಣ್ಣೆ ಒಂದು ಹನಿ ಬಿಟ್ಟೆ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಾಗಿ ನಿಂತಿತು. ಅರ್ಧ ಗಂಟೆ ಆದರೂ ಹರಡಲಿಲ್ಲ. ಇದೇ ಸಾಕ್ಷಿ ಅಂತ ಹೇಳುತ್ತಿಲ್ಲ, ಬೇರೆ ಲೇಪ ಇದ್ದರೂ ಹೀಗಾಗಬಹುದು. ಆದರೆ ಕೇಳುವುದಕ್ಕೆ ಇಷ್ಟು ಸಾಕು ಅಲ್ವಾ?

ಮೂರು ಸಲ ಮೇಲ್ ಮಾಡಿದೆ. ಎರಡು ಸಲ ‘ನಮ್ಮದು ಫುಡ್ ಗ್ರೇಡ್’ ಅಂತ ಒಂದೇ ಸಾಲಿನ ಉತ್ತರ. ಮೂರನೇ ಸಲ ಒಂದು ಪರೀಕ್ಷಾ ವರದಿ ಕಳಿಸಿದಿರಿ. ಪೂರ್ತಿ ಓದಿದೆ. ಬಿಸಿ ತಡೆಯುತ್ತದೆಯೇ, ಸೋರುತ್ತದೆಯೇ, ಸೀಸ ಇದೆಯೇ ಎಲ್ಲ ಇದೆ. ಪಿಎಫ್‌ಎಎಸ್‌ನಲ್ಲಿ ಇದ್ದೇ ಇರುವ ಫ್ಲೋರಿನ್ ಅನ್ನುವ ಪದವೇ ಇಲ್ಲ.

ನಾನು ಯಾಕೆ ಇಷ್ಟು ಪಟ್ಟು ಹಿಡಿದಿದ್ದೇನೆ ಅಂದರೆ, ಬಳಸಿದ ಬಟ್ಟಲನ್ನೆಲ್ಲ ಚೂರು ಮಾಡಿ ತಾರಸಿಯ ಗೊಬ್ಬರದ ಡ್ರಮ್ಮಿಗೆ ಹಾಕಿದ್ದೇನೆ. ನೀವು ಹೇಳಿದ ಹಾಗೆಯೇ. ಆ ಗೊಬ್ಬರ ಪಾಲಕ್, ದಂಟು, ಮೆಂತ್ಯದ ಕುಂಡಗಳಿಗೆ ಹೋಗಿದೆ. ಸಿಪ್ಪೆ ಕೊಳೆತು ಮಣ್ಣಾಗುತ್ತದೆ, ನಿಜ. ಪಿಎಫ್‌ಎಎಸ್ ಕೊಳೆಯುವುದಿಲ್ಲ. ಅದರಲ್ಲಿ ಇಂಗಾಲಕ್ಕೂ ಫ್ಲೋರಿನ್ನಿಗೂ ಇರುವ ಬೆಸುಗೆ ಅಷ್ಟು ಗಟ್ಟಿ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮುರಿಯಲಾರವು. ಕೆಲವು ಬಗೆಯವು ನೀರಿನ ಜೊತೆ ಬೇರಿಗೆ ಹೋಗಿ ಎಲೆಯಲ್ಲಿ ಸೇರಿಕೊಳ್ಳುತ್ತವೆ. ಸೊಪ್ಪಿನಲ್ಲಿ ಇದು ಜಾಸ್ತಿ.

ಅಮೆರಿಕದ ಮೇನ್ ರಾಜ್ಯದಲ್ಲಿ ಆಗಿದ್ದು ಇಂಥದ್ದೇ. ಕೊಳಚೆ ನೀರು ಶುದ್ಧ ಮಾಡಿದ ಮೇಲೆ ಉಳಿಯುವ ಕೆಸರನ್ನು ಗೊಬ್ಬರ ಅಂತ ಹೊಲಗಳಿಗೆ ಹಾಕಿಸಿದ್ದರು. ಅದರಲ್ಲಿದ್ದ ಪಿಎಫ್‌ಎಎಸ್ ಮಣ್ಣಿಂದ ಹುಲ್ಲಿಗೆ, ಹುಲ್ಲಿಂದ ಹಸುವಿಗೆ ಬಂತು. 2016ರಲ್ಲಿ ಅರುಂಡೆಲ್ ಊರಿನ ಒಂದು ಡೈರಿಯ ಹಾಲಿನಲ್ಲೇ ಪಿಎಫ್‌ಎಎಸ್ ಸಿಕ್ಕಿತು. 2022ರಲ್ಲಿ ಆ ರಾಜ್ಯ ಕೆಸರು ಗೊಬ್ಬರವನ್ನೇ ನಿಷೇಧಿಸಿತು. ಆ ರೈತರ ತಪ್ಪು ಏನೂ ಇರಲಿಲ್ಲ. ಗೊಬ್ಬರ ಅಂದಿದ್ದನ್ನು ನಂಬಿದ್ದರು, ನನ್ನ ಹಾಗೆ.

ಈ ಗುಂಪಿನ ಪಿಎಫ್‌ಒಎ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲೇ ಹೇಳಿದೆ. ಇವಿಲ್ಲದೆ ಬಟ್ಟಲು ಮಾಡಲಾಗದು ಅಂತ ಮಾತ್ರ ಹೇಳಬೇಡಿ. ಡೆನ್ಮಾರ್ಕ್ ಆಹಾರ ಕಟ್ಟುವ ಕಾಗದ, ರಟ್ಟಿನಲ್ಲಿ 2020ರ ಜುಲೈನಿಂದಲೇ ನಿಲ್ಲಿಸಿದೆ. ಗೊಬ್ಬರವಾಗುವ ತಟ್ಟೆ, ಬಟ್ಟಲಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಬಿಪಿಐ ಅದೇ ವರ್ಷದಿಂದ ಒಟ್ಟು ಫ್ಲೋರಿನ್ 100 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 100 ಭಾಗ, ದಾಟಬಾರದು ಅನ್ನುತ್ತಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೂಡ 2025ರಲ್ಲಿ ಇವುಗಳ ನಿಷೇಧದ ಕರಡು ಹೊರಡಿಸಿದೆ.

ನಾನು ಕೊಂಡ ಬ್ಯಾಚಿನ ಬಟ್ಟಲಿಗೆ ಒಟ್ಟು ಫ್ಲೋರಿನ್ ಪರೀಕ್ಷೆ ಮಾಡಿಸಿ, ವರದಿ ಕಳಿಸಿ. ಬ್ಯಾಚ್ ನಂಬರಿನ ಫೋಟೋ ಇದರ ಜೊತೆಗಿದೆ. ಉಳಿದ 40 ಬಟ್ಟಲು ಎತ್ತಿಟ್ಟಿದ್ದೇನೆ, ಬೇಕಿದ್ದರೆ ತೆಗೆದುಕೊಂಡು ಹೋಗಿ. ಪಿಎಫ್‌ಎಎಸ್ ಬಳಸಿದ್ದರೆ ಮುಚ್ಚಿಡದೆ ಹೇಳಿ. ‘ಗೊಬ್ಬರಕ್ಕೆ ಹಾಕಿ’ ಅನ್ನುವುದನ್ನು ಪೊಟ್ಟಣದಿಂದ ತೆಗೆಯಿರಿ, ಇದುವರೆಗೆ ಕೊಂಡವರಿಗೆಲ್ಲ ತಿಳಿಸಿ. ನನ್ನ ದುಡ್ಡಿನ ವಿಷಯ ಆಮೇಲೆ ಮಾತಾಡೋಣ. 15 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ನನ್ನ ಮಗಳಿಗೆ ಕುಂಡದ ಪಾಲಕ್ ಎಲೆ ಕಿತ್ತು ಹಸಿಯಾಗಿಯೇ ತಿನ್ನುವ ಅಭ್ಯಾಸ. ಈಗ ಬೇಡ ಅಂದಿದ್ದೇನೆ. ಯಾಕಮ್ಮಾ ಅಂತ ದಿನಾ ಕೇಳುತ್ತಾಳೆ. ನಿಮ್ಮ ವರದಿಗೆ ಕಾಯುತ್ತಾ ಆ ಕುಂಡಗಳಿಗೆ ನೀರು ಹಾಕುತ್ತಿದ್ದೇನೆ, ಸೊಪ್ಪು ಕೊಯ್ಯುತ್ತಿಲ್ಲ.

ಇತಿ,
ನಿಮ್ಮ ಗ್ರಾಹಕಿ
ಮೈಸೂರು