ಬ್ಯಾಟರಿಗೆ ಕಂಬಳಿ ಬೇಡ

ಓಸ್ಲೋ, ಜನವರಿ

ಪ್ರೀತಿಯ ತಮ್ಮಾ,

ನಾವಿಲ್ಲಿ ಕ್ಷೇಮ. ಚಳಿಗಾಲ ಮುಗಿಯುವವರೆಗೆ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಗೆ ಕಂಬಳಿ ಹೊದೆಸಬೇಕಾ ಎಂದು ಕೇಳಿದ್ದೀಯ. ಬೇಡ. ಕಂಬಳಿಗೆ ಸ್ವಂತ ಶಾಖ ಇಲ್ಲ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಕಂಬಳಿಯೊಳಗೂ ತಣ್ಣಗಾಗಿಯೇ ಇರುತ್ತದೆ.

ಚಳಿಗೆ ನಮ್ಮ ಕೊಬ್ಬರಿ ಎಣ್ಣೆ ಮಂದವಾಗುವ ಹಾಗೆ ಸೆಲ್ಲಿನೊಳಗಿನ ದ್ರವವೂ ಮಂದವಾಗುತ್ತದೆ. ಎಳೆತ ಕಡಿಮೆ, ಮೈಲೇಜೂ ಕಡಿಮೆ. ಆದರೆ ಓಡಿಸಿದ್ದರಿಂದ ಬ್ಯಾಟರಿ ಕೆಡುವುದಿಲ್ಲ, ಕೆಡುವುದು ಚಾರ್ಜ್ ಮಾಡುವಾಗ. ಸೊನ್ನೆ ಡಿಗ್ರಿಗಿಂತ ಕೆಳಗೆ ಜೋರಾಗಿ ಚಾರ್ಜ್ ಕೊಟ್ಟರೆ ಲಿಥಿಯಂ ಸೆಲ್ಲಿನ ಋಣಧ್ರುವದ ಗ್ರಾಫೈಟಿನೊಳಗೆ ಸೇರದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಹಾಗೆ ಹೋದ ಸಾಮರ್ಥ್ಯ ಬಹುಪಾಲು ಮರಳಿ ಬರುವುದಿಲ್ಲ; ಮುಳ್ಳು ಮುಳ್ಳಾಗಿ ಬೆಳೆದರೆ ಒಳಗೇ ಶಾರ್ಟ್. ಅದಕ್ಕೇ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಅಂದರೆ ಬಿಎಂಎಸ್, ಚಾರ್ಜ್ ತಡೆಯುತ್ತದೆ. ರೀಜೆನ್ ಬ್ರೇಕ್ (ವೇಗ ತಗ್ಗುವಾಗ ಮೋಟಾರೇ ಕರೆಂಟ್ ಮಾಡಿ ಬ್ಯಾಟರಿಗೆ ತುಂಬುವುದು) ಕೂಡ ಚಾರ್ಜೇ ಆದ್ದರಿಂದ ಇಲ್ಲಿ ಬೆಳಿಗ್ಗೆ ಮೊದಲ ಕೆಲವು ಕಿಲೋಮೀಟರ್ ಅದು ಸರಿಯಾಗಿ ಹಿಡಿಯುವುದಿಲ್ಲ. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೆ ಈ ಕಾಟ ಇನ್ನೂ ಜಾಸ್ತಿ.

ಎಲೆಕ್ಟ್ರಿಕ್ ಕಾರುಗಳಲ್ಲಿ ಹೀಟರ್ ಕೂಲೆಂಟ್ ದ್ರವವನ್ನು ಕಾಯಿಸಿ ಬ್ಯಾಟರಿಯ ಸುತ್ತ ಹರಿಸುತ್ತದೆ. ಸುಮಾರು 400 ಕೆಜಿಯ ಬ್ಯಾಟರಿ ಪ್ಯಾಕನ್ನು 30 ಡಿಗ್ರಿ ಏರಿಸಲು 3ರಿಂದ 4 ಯುನಿಟ್ ಬೇಕು, ಅಂದರೆ 5 ಕಿಲೋವ್ಯಾಟ್ ಹೀಟರಿಗೆ ಮುಕ್ಕಾಲು ಗಂಟೆಯ ಕೆಲಸ. ಗೋಡೆಯ 10 ಆಂಪಿಯರ್ ಸಾಕೆಟ್ ಕೊಡುವುದು 2.3 ಕಿಲೋವ್ಯಾಟ್ ಮಾತ್ರ, ಉಳಿದದ್ದನ್ನು ಬ್ಯಾಟರಿಯೇ ಕೊಡಬೇಕು. ಚಾರ್ಜಿಂಗ್ ಹೊರಡುವ ಹೊತ್ತಿಗೆ ಮುಗಿಯುವಂತೆ ಇಟ್ಟರೆ ಅದರ ಶಾಖವೂ ಲಾಭ.

ಲಡಾಖಿಗೆಂದು ಹಳೇ ಜೀಪಿಗೆ ಬ್ಯಾಟರಿ ಕೂರಿಸುತ್ತಿರುವ ನಿನ್ನ ದೋಸ್ತಿಗೆ ಹೇಳು: ಸಿಲಿಕೋನ್ ಹೀಟರ್ ಪ್ಯಾಡ್ ನೇರ ಸೆಲ್ಲಿಗೆ ಅಂಟಿಸಬಾರದು, ನಡುವೆ 3 ಮಿ.ಮೀ. ಅಲ್ಯೂಮಿನಿಯಂ ತಗಡು ಇರಲಿ, ಶಾಖ ಹರಡುತ್ತದೆ. ಪೆಟ್ಟಿಗೆಯ ಹೊರಮೈಗೆ 25 ಮಿ.ಮೀ. ಫೋಮ್. ಥರ್ಮೋಸ್ಟ್ಯಾಟ್ 5 ಡಿಗ್ರಿಗೆ ಆನ್, 15ಕ್ಕೆ ಆಫ್. ಸೆನ್ಸರನ್ನು ಪ್ಯಾಡಿನ ಮೇಲಿಟ್ಟರೆ ಪ್ಯಾಡ್ ಬಿಸಿಯಾದ ಕೂಡಲೇ ಆಫ್ ಆಗಿ ಸೆಲ್ ತಣ್ಣಗೇ ಉಳಿಯುತ್ತದೆ. ಎಲ್ಲಕ್ಕಿಂತ ತಣ್ಣಗಿರುವ ಮೂಲೆಯ ಸೆಲ್ಲಿಗೇ ಸೆನ್ಸರ್ ಇಡಬೇಕು. ಪ್ಯಾಡ್ ಒಂದು ಕಡೆ ಎದ್ದು ಗಾಳಿ ಸೇರಿದರೆ ಅಲ್ಲೇ ಸುಡುತ್ತದೆ, ಆದ್ದರಿಂದ ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಬೇರೆಯದೇ ಥರ್ಮಲ್ ಫ್ಯೂಸ್ ಹಾಕಲೇಬೇಕು. ಇದೊಂದರಲ್ಲಿ ಚೌಕಾಶಿ ಬೇಡ.

ಶಿರಸಿಯಲ್ಲಿ ಇದ್ಯಾವುದೂ ಬೇಕಿಲ್ಲ. ಧನುರ್ಮಾಸದ ಮುಂಜಾವಿನ ಚಳಿ ಬ್ಯಾಟರಿಗೆ ಲೆಕ್ಕಕ್ಕಿಲ್ಲ. ನಿನಗೆ ತೊಂದರೆ ಕೊಡುವುದು ಏಪ್ರಿಲ್ ಸೆಕೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದವನು ಸೀದಾ ಪ್ಲಗ್ ಹಾಕಬೇಡ, ಬ್ಯಾಟರಿ ನೆರಳಲ್ಲಿ ಅರ್ಧ ಗಂಟೆ ಆರಲಿ. ಘಟ್ಟ ಇಳಿಯುವ ದಿನ 85 ಶೇಕಡಾಕ್ಕೇ ಪ್ಲಗ್ ಕೀಳು. ತುಂಬಿದ ಬ್ಯಾಟರಿಗೆ ರೀಜೆನ್ ಹೋಗುವುದಿಲ್ಲ, ಇಡೀ ಇಳಿಜಾರು ಬ್ರೇಕ್ ಪ್ಯಾಡಿನ ಮೇಲೇ ಬೀಳುತ್ತದೆ.

ಅಪ್ಪಯ್ಯಂಗೆ, ಆಯಿಗೆ ನಮಸ್ಕಾರ ಹೇಳು. ದೋಸ್ತಿಯ ಪ್ಯಾಕ್ ಎಷ್ಟು ವೋಲ್ಟಿನದು ಎಂದು ಬರೆ, ಪ್ಯಾಡಿನ ವ್ಯಾಟ್ ಲೆಕ್ಕ ಹಾಕಿ ಕಳಿಸುತ್ತೇನೆ.

ನಿನ್ನ ಅಣ್ಣ